ಉಸಿರಿನಿಂದ ಮಾಡಿದ ದೀಪ

ಮುಸ್ಸಂಜೆಯಾದೊಡನೆ ದೇವರ ಮುಂದೆ ದೀಪ ಹಚ್ಚುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ಹಣತೆಯನ್ನು ಕುಂಬಾರನು ಮಾಡಿದನು, ಬತ್ತಿಯನ್ನು ಮನೆಯ ಹಿರಿಯಾಕೆ ಹೊಸೆದಳು, ಎಣ್ಣೆಯನ್ನು ಗಾಣದವನು ತೆಗೆದನು ಎಂಬುದನ್ನು ನಾವು ಬಲ್ಲೆವು. ಬೀದಿಯ ದೀಪದ ವಿಷಯದಲ್ಲಿ ಹೀಗೆ ಯಾರೂ ವಿಚಾರಿಸುವುದಿಲ್ಲ. ಹೋಟೆಲಿನ ಮುಂಭಾಗದಲ್ಲಿಯೋ ಸಿನಿಮಾ ಮಂದಿರದ ನೆತ್ತಿಯ ಮೇಲೋ ಕೆಂಪಗೆ, ನೀಲಿಯಾಗಿ ಹೊಳೆಯುತ್ತಿದ್ದ ಗಾಜಿನ ಅಕ್ಷರಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅವುಗಳಿಗೆ ನಿಯಾನ್ ದೀಪಗಳೆಂದು ಹೆಸರು. ಬಲ್ಬುಗಳಂತೆ ಅವೂ ಯಾವುದೋ ಕಾರ್ಖಾನೆಯ ಯಂತ್ರದಿಂದ ರಾಶಿರಾಶಿಯಾಗಿ ಹೊರಬಿದ್ದವೆಂದೇ ನಾವು ತಿಳಿದಿರುತ್ತೇವೆ.

ವಾಸ್ತವವಾಗಿ ಸಂಗತಿಯು ಬೇರೆ. ಅಂತಹ ಒಂದೊಂದು ಅಕ್ಷರವನ್ನೂ ಒಬ್ಬ ಕುಶಲಿಯು ಉರಿಯ ಮುಂದೆ ನಿಂತು, ಗಾಜಿನ ಕೊಳವೆಯನ್ನು ಕಾಯಿಸಿ, ಬರಿಯ ಕೈಯಿಂದ ಬಗ್ಗಿಸಿ, ಬಾಯಿಂದ ಉಸಿರು ಊದಿ ಮಾಡಿದ್ದಾನೆ. ಈ ಕೆಲಸವನ್ನು ಪೂರ್ತಿಯಾಗಿ ಮಾಡಿಮುಗಿಸುವ ಯಂತ್ರವು ಇಂದಿಗೂ ಬಳಕೆಗೆ ಬಂದಿಲ್ಲ. ಯಂತ್ರಯುಗದ ಗುರುತೆಂದು ಎಲ್ಲರೂ ಎಣಿಸಿದ ದೀಪವು ಅಕ್ಕಸಾಲಿಗನ ಒಡವೆಯಂತೆ ಕೈಕೆಲಸವಾಗಿದ್ದುದು ಆಶ್ಚರ್ಯವಲ್ಲವೆ? ಆ ಕೈಕೆಲಸವೇ ಈಗ ಅಳಿಯುವ ಸ್ಥಿತಿಗೆ ಬಂದಿರುವುದರಿಂದ, ಅದು ಹುಟ್ಟಿದ ಬಗೆಯನ್ನೂ ನಡೆಯುವ ಕ್ರಮವನ್ನೂ, ಅದನ್ನು ಉಳಿಸಿಕೊಳ್ಳಲು ಕೆಲವು ನಗರಗಳು ಪಡುತ್ತಿರುವ ಪ್ರಯಾಸವನ್ನೂ ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಗಾಳಿಯಲ್ಲಿ ಅಡಗಿದ್ದ ಬೆಳಕು

ನಿಯಾನ್ ಎಂಬುದು ಒಂದು ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಸಾಮಾನ್ಯವಾಗಿ ಬೇರೆ ಯಾವ ಪದಾರ್ಥದೊಡನೆಯೂ ಕೂಡಿಕೊಳ್ಳುವುದಿಲ್ಲ. ನಾವು ಉಸಿರಾಡುವ ಗಾಳಿಯ ಸುಮಾರು ೫೫,೦೦೦ ಪಾಲಿನಲ್ಲಿ ಒಂದು ಪಾಲು ಮಾತ್ರ ನಿಯಾನ್ ಇರುವುದು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯ ಗಾಳಿಯನ್ನೆಲ್ಲ ಸೋಸಿದರೂ ದೊರೆಯುವ ನಿಯಾನ್ ಅರ್ಧ ಲೀಟರಿಗಿಂತ ಸ್ವಲ್ಪವೇ ಹೆಚ್ಚು. ಇಷ್ಟು ವಿರಳವಾದುದನ್ನು ಕಂಡುಹಿಡಿದವರು ಯಾರು?

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯಂತೆ, ಈ ಪ್ರಶ್ನೆಯ ಉತ್ತರಕ್ಕೂ ನಮ್ಮ ಬೆಂಗಳೂರಿಗೂ ಸಂಬಂಧವುಂಟೆಂಬುದನ್ನು ನಮ್ಮವರಲ್ಲೇ ಹೆಚ್ಚು ಮಂದಿ ಅರಿಯರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ರಾಮ್ಸೆಯವರು ೧೮೯೪ರಲ್ಲಿ ಲಾರ್ಡ್ ರೇಲೆಯವರೊಡನೆ ಆರ್ಗಾನ್ ಎಂಬ ಅನಿಲವನ್ನು ಗಾಳಿಯಲ್ಲಿ ಪತ್ತೆಮಾಡಿದ್ದರು. ಮರುವರ್ಷ ಹೀಲಿಯಂ ಅವರ ಕೈಗೆ ಸಿಕ್ಕಿತು. ಮೂಲವಸ್ತುಗಳ ಪಟ್ಟಿಯಲ್ಲಿ ಇವೆರಡರ ನಡುವೆ ಒಂದು ಮನೆ ಖಾಲಿಯಾಗಿದ್ದಿತು. ಅಲ್ಲಿ ಕೂಡಬೇಕಾದ ಅನಿಲವೊಂದು ಎಲ್ಲಿಯೋ ಇದ್ದೇ ಇರಬೇಕೆಂದು ರಾಮ್ಸೆಯವರು ೧೮೯೭ರಲ್ಲಿ ಕೆನಡಾದ ಟೊರೊಂಟೋ ನಗರದ ವಿದ್ವತ್ಸಭೆಯಲ್ಲಿ ಹೇಳಿದರು. ಮುಂದಿನ ವರ್ಷ ಜೂನ್ ತಿಂಗಳಿನಲ್ಲಿ ಅವರೂ ಅವರ ಕಿರಿಯ ಸಹಾಯಕರಾದ ಮಾರಿಸ್ ಟ್ರಾವರ್ಸರೂ ಕೂಡಿ, ಗಾಳಿಯಿಂದ ತೆಗೆದ ಆರ್ಗಾನನ್ನು ಅತಿಯಾಗಿ ತಣಿಸಿ ದ್ರವವಾಗಿಸಿದರು. ಆ ದ್ರವದಿಂದ ಮೊದಲು ಆವಿಯಾಗಿ ಬಂದ ಹಗುರವಾದ ಭಾಗವನ್ನು ಗಾಜಿನ ಕೊಳವೆಯಲ್ಲಿ ತುಂಬಿ ವಿದ್ಯುತ್ತನ್ನು ಹರಿಸಿದಾಗ, ಅದುವರೆಗೆ ಯಾರೂ ಕಾಣದಿದ್ದ ಕಡುಗೆಂಪು ಬೆಳಕು ಕೊಳವೆಯ ತುಂಬ ಹೊತ್ತಿಕೊಂಡಿತು. ಅದನ್ನು ತಾನೆಂದೂ ಮರೆಯುವಂತಿಲ್ಲವೆಂದು ಟ್ರಾವರ್ಸರು ಅನಂತರ ಬರೆದರು. ಆಗ ಅವರಿಗೆ ವಯಸ್ಸು ಇಪ್ಪತ್ತಾರು.

ಹೊಸ ಅನಿಲಕ್ಕೆ ಹೆಸರಿಟ್ಟ ಕಥೆಯೂ ಸೊಗಸಾಗಿದೆ. ರಾಮ್ಸೆಯವರ ಹದಿಮೂರು ವರ್ಷದ ಮಗನು ಲ್ಯಾಟಿನ್ ಭಾಷೆಯಲ್ಲಿ ಹೊಸದು ಎಂದು ಅರ್ಥವಾಗುವ 'ನೋವಂ' ಎಂಬ ಹೆಸರನ್ನು ಸೂಚಿಸಿದನು. ತಂದೆಗೆ ಆ ಅರ್ಥವು ಹಿಡಿಸಿತು. ಆದರೆ ಅದೇ ಅರ್ಥದ ಗ್ರೀಕ್ ಮಾತಿನಿಂದ 'ನಿಯಾನ್' ಎಂಬ ರೂಪವನ್ನು ಮಾಡಿಕೊಂಡರು. ಹೀಗೆ ಒಂದು ಮೂಲವಸ್ತುವಿಗೆ ಮನೆಯ ಹುಡುಗನ ಮಾತಿನಿಂದ ನಾಮಕರಣವಾಯಿತು.

ಇನ್ನು ಬೆಂಗಳೂರಿನ ಸಂಬಂಧ. ಜಮ್‌ಶೇಟ್‌ಜಿ ಟಾಟಾ ಅವರು ಭಾರತದಲ್ಲಿ ಒಂದು ದೊಡ್ಡ ವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಲು ಸಂಕಲ್ಪಿಸಿದಾಗ, ಅದಕ್ಕೆ ತಕ್ಕ ಸ್ಥಳವನ್ನು ಸೂಚಿಸಲು ಕರೆಯಿಸಿಕೊಂಡವರು ಇದೇ ರಾಮ್ಸೆಯವರು. ೧೯೦೦-೦೧ರ ಚಳಿಗಾಲದಲ್ಲಿ ಅವರು ದೇಶವನ್ನು ಸಂಚರಿಸಿ ನೋಡಿ ಬೆಂಗಳೂರನ್ನು ಸೂಚಿಸಿದರು. ೧೯೦೭ರಲ್ಲಿ ಮೈಸೂರು ಸರಕಾರವು ೩೭೧ ಎಕರೆ ಭೂಮಿಯನ್ನು ಕೊಟ್ಟಿತು. ಇಂದಿಗೂ ಊರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಳ್ಳುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲನೆಯ ನಿರ್ದೇಶಕರಾಗಿ ೧೯೦೬ರಲ್ಲಿ ನೇಮಕವಾಗಿ ೧೯೧೪ರ ವರೆಗೆ ಅದನ್ನು ಕಟ್ಟಿ ನಡೆಸಿದವರು ಮಾರಿಸ್ ಟ್ರಾವರ್ಸರು. ನಿಯಾನಿನ ಮೊದಲ ಕೆಂಬೆಳಕನ್ನು ಕಂಡ ಆ ಕಣ್ಣುಗಳು ಹಲವು ವರ್ಷ ನಮ್ಮ ಬೆಂಗಳೂರನ್ನೂ ಕಂಡವು.

ಪ್ಯಾರಿಸಿನ ಕ್ಷೌರದಂಗಡಿ

ಶಾಸ್ತ್ರಜ್ಞರ ಕೋಣೆಯಲ್ಲಿದ್ದ ಈ ಬೆಳಕನ್ನು ಬೀದಿಗೆ ತಂದವರು ಫ್ರಾನ್ಸ್ ದೇಶದ ಜಾರ್ಜ್ ಕ್ಲೋಡ್ ಎಂಬವರು. ಗಾಳಿಯನ್ನು ದ್ರವವಾಗಿಸಿ ಅದರಿಂದ ಆಮ್ಲಜನಕವನ್ನು ಬೇರ್ಪಡಿಸುವ ಉದ್ಯಮವನ್ನು ಅವರು ೧೯೦೨ರಲ್ಲಿ ಆರಂಭಿಸಿದ್ದರು. ಆ ಕೆಲಸದಲ್ಲಿ ನಿಯಾನ್ ಬೇಡವಾದ ಪದಾರ್ಥವಾಗಿ ಮಿಗುತ್ತಿದ್ದಿತು. ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆಯನ್ನು ಚೆಲ್ಲುವ ಗೃಹಿಣಿಯುಂಟೆ? ಕ್ಲೋಡರೂ ಅದನ್ನು ಚೆಲ್ಲದೆ ದೀಪಕ್ಕೆ ಉಪಯೋಗಿಸುವ ಯೋಚನೆ ಮಾಡಿದರು.

ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸಿ ಬೆಳಗಿಸುವುದು ಆಗಲೇ ಹೊಸದಾಗಿರಲಿಲ್ಲ. ಜರ್ಮನಿಯ ಹೈನ್ರಿಕ್ ಗೈಸ್ಲರ್ ಎಂಬ ಗಾಜುಗಾರರು ೧೮೫೭ರ ಸುಮಾರಿನಲ್ಲಿಯೇ ಅಂತಹ ಕೊಳವೆಗಳನ್ನು ಮಾಡಿದ್ದರು. ಆದರೆ ಅವು ಬಹುಕಾಲ ಬಾಳುತ್ತಿರಲಿಲ್ಲ. ಒಳಗೆ ಉಳಿದ ಕಲ್ಮಷವು ಬೆಳಕನ್ನು ಕೆಡಿಸುತ್ತಿದ್ದಿತು. ಕೊಳವೆಯ ಕೊನೆಯಲ್ಲಿ ವಿದ್ಯುತ್ತನ್ನು ಒಳಕ್ಕೆ ಬಿಡುವ ಲೋಹದ ತುದಿಯು ಬೇಗನೆ ಸವೆದುಹೋಗುತ್ತಿದ್ದಿತು. ಕ್ಲೋಡರು ಅನಿಲವನ್ನು ಶುದ್ಧಿಮಾಡುವ ಉಪಾಯವನ್ನೂ, ಬೇಗ ಸವೆಯದ ಅಗಲವಾದ ಲೋಹದ ತುದಿಗಳನ್ನೂ ಕಂಡುಕೊಂಡರು. ೧೯೧೦ರ ಡಿಸೆಂಬರಿನಲ್ಲಿ ಪ್ಯಾರಿಸಿನ ಮೋಟಾರು ವಾಹನಗಳ ಪ್ರದರ್ಶನದಲ್ಲಿ, ಒಂದೊಂದೂ ಸುಮಾರು ಹನ್ನೆರಡು ಮೀಟರು ಉದ್ದದ ಎರಡು ಕೆಂಪು ಕೊಳವೆಗಳನ್ನು ಅವರು ಬೆಳಗಿಸಿ ತೋರಿಸಿದರು. ಟ್ರಾವರ್ಸರು ಆಗ ನಮ್ಮ ಸಂಸ್ಥೆಯ ನಿರ್ದೇಶಕರಾಗಿಯೇ ಇದ್ದರು.

ಕೆಂಪು ಬೆಳಕಿನಲ್ಲಿ ಓದುವುದಕ್ಕಾಗಲಿ ಉಣ್ಣುವುದಕ್ಕಾಗಲಿ ಯಾರೂ ಇಷ್ಟಪಡಲಿಲ್ಲ. ಕ್ಲೋಡರ ಸಹೋದ್ಯೋಗಿಯಾದ ಜಾಕ್ ಫೋನ್ಸೆಕ್ ಎಂಬವರು ಈ ಕೊಳವೆಯನ್ನು ಅಕ್ಷರದ ಆಕಾರಕ್ಕೆ ಬಗ್ಗಿಸಿ ಜಾಹೀರಾತಿಗೆ ಉಪಯೋಗಿಸಬಹುದೆಂದು ಕಂಡರು. ೧೯೧೨ರಲ್ಲಿ ಪ್ಯಾರಿಸಿನ ಒಂದು ಕ್ಷೌರದಂಗಡಿಗೆ ಮೊದಲನೆಯ ಫಲಕವು ಮಾರಾಟವಾಯಿತು. ಮರುವರ್ಷ ಒಂದು ಮದ್ಯದ ಹೆಸರು ಮಾಳಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬೆಳಗಿತು. ೧೯೧೫ರ ಜನವರಿಯಲ್ಲಿ ಕ್ಲೋಡರಿಗೆ ಅಮೆರಿಕಾ ದೇಶದಲ್ಲಿಯೂ ಪೇಟೆಂಟ್ ದೊರೆಯಿತು. ಅಲ್ಲಿಂದ ಮುಂದಕ್ಕೆ ಇಪ್ಪತ್ತು ವರ್ಷಗಳೊಳಗೆ ನ್ಯೂಯಾರ್ಕು, ಷಾಂಘೈ ಮೊದಲಾದ ಮಹಾನಗರಗಳ ರಾತ್ರಿಯು ಈ ಬಣ್ಣವನ್ನು ತಳೆಯಿತು.

ಫಲಕವನ್ನು ಮಾಡುವ ಬಗೆ

ಈ ಫಲಕ ಮಾಡುವವನ ಅಂಗಡಿಯಲ್ಲಿ ಕಾಣುವ ಸಾಮಗ್ರಿ ಬಹಳವಿಲ್ಲ: ಉರಿಯನ್ನು ಸಣ್ಣದಾಗಿಯೂ ಸಾಲಾಗಿಯೂ ಕೊಡುವ ಎರಡು ಮೂರು ಬಗೆಯ ಬರ್ನರುಗಳು, ಮೂಲೆಯಲ್ಲಿ ಒರಗಿಸಿಟ್ಟ ಉದ್ದನೆಯ ಗಾಜಿನ ಕೊಳವೆಗಳು, ಒಂದು ರಬ್ಬರಿನ ನಳಿಕೆ, ಗಾಳಿಯನ್ನು ಹೊರಕ್ಕೆ ಸೆಳೆಯುವ ಪಂಪು, ದೊಡ್ಡದೊಂದು ಟ್ರಾನ್ಸ್‌ಫಾರ್ಮರು. ಮಿಕ್ಕುದೆಲ್ಲ ಅವನ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇರುವುದು.

ಮೊದಲು ಬೇಕಾದ ಅಕ್ಷರವನ್ನೋ ಚಿತ್ರವನ್ನೋ ಉರಿ ತಾಳುವ ಹಾಳೆಯ ಮೇಲೆ ಪೂರ್ಣಪ್ರಮಾಣದಲ್ಲಿ ಬರೆಯುತ್ತಾರೆ. ಹಾಗೆ ಬರೆಯುವಾಗ ಕನ್ನಡಿಯಲ್ಲಿ ಕಂಡಂತೆ ಎಡಬಲಗಳನ್ನು ತಿರುಗಿಸಿ ಬರೆಯುವುದು ವಾಡಿಕೆ. ಕೊಳವೆಯನ್ನು ಹಿಂಬದಿಯಿಂದ ಬಗ್ಗಿಸಿದರೆ ನೋಡುವವರ ಕಡೆಯ ಮುಖವು ಸಮವಾಗಿ ನಿಲ್ಲುವುದೆಂಬುದೇ ಇದಕ್ಕೆ ಕಾರಣ. ಆದುದರಿಂದ ಈ ಕೆಲಸಗಾರನು ಜೀವಮಾನವೆಲ್ಲ ಅಕ್ಷರಗಳನ್ನು ತಿರುವುಮುರುವಾಗಿ ಓದುವವನು.

ಅನಂತರ ಕೊಳವೆಯ ಒಂದು ಕೊನೆಗೆ ಬಿರಡೆಯನ್ನಿಟ್ಟು, ಇನ್ನೊಂದು ಕೊನೆಗೆ ರಬ್ಬರಿನ ನಳಿಕೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಾನೆ. ಎರಡು ಕೈಗಳಿಂದಲೂ ಕೊಳವೆಯನ್ನು ಉರಿಯಲ್ಲಿ ಒಂದೇ ಸಮನೆ ತಿರುಗಿಸುತ್ತಿದ್ದರೆ, ಗಟ್ಟಿಯಾದ ಗಾಜು ಕೆಲವು ಗಳಿಗೆಯಲ್ಲಿ ಕಾದ ಬೆಲ್ಲದ ಪಾಕದಂತೆ ಮೆತ್ತಗಾಗುವುದು. ಆಗ ಅದನ್ನು ಉರಿಯಿಂದ ತೆಗೆದು, ಹಾಳೆಯ ಮೇಲಿನ ಗೆರೆಯನ್ನು ನೋಡಿ ಬಗ್ಗಿಸಬೇಕು. ಇದಕ್ಕೆ ದೊರೆಯುವ ಅವಕಾಶವು ಕೆಲವೇ ಸೆಕೆಂಡುಗಳು. ತಡವಾದರೆ ಗಾಜು ಮತ್ತೆ ಬಿಗಿದುಕೊಳ್ಳುವುದು. ಬಗ್ಗಿದ ಕಡೆ ಕೊಳವೆಯು ಕುಸಿದು ಚಪ್ಪಟೆಯಾಗುವ ಭಯವುಂಟು. ಅದನ್ನು ತಪ್ಪಿಸಲೆಂದೇ ಬಾಯಲ್ಲಿರುವ ನಳಿಕೆಯಿಂದ ಮೆಲ್ಲನೆ ಊದುತ್ತಾನೆ. ನಮ್ಮ ಹಿಂದಿನ ತಾಯಂದಿರು ಊದುಗೊಳವೆಯಿಂದ ಒಲೆಯನ್ನು ಊದುವಾಗ ಎಷ್ಟು ಊದಿದರೆ ಉರಿ ಏಳುವುದು, ಎಷ್ಟು ಊದಿದರೆ ಬೂದಿ ಹಾರುವುದು ಎಂಬುದನ್ನು ಅಳತೆಯಿಲ್ಲದೆ ಅರಿತಿದ್ದರಷ್ಟೆ? ಇವನೂ ಹಾಗೆಯೇ. ಉಸಿರು ಕಡಿಮೆಯಾದರೆ ಕೊಳವೆ ಸೊಟ್ಟಗಾಗುವುದು, ಹೆಚ್ಚಾದರೆ ಉಬ್ಬಿ ತೆಳುವಾಗುವುದು. ಒಂದು ಅಕ್ಷರದಲ್ಲಿ ಹತ್ತು ಬಾಗು ಇದ್ದು ಹತ್ತನೆಯದು ಕೆಟ್ಟರೆ, ಹಿಂದಿನ ಒಂಬತ್ತರ ಶ್ರಮವೂ ವ್ಯರ್ಥ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹೊಸಬನು ಹಲವು ವರ್ಷ ಗುರುವಿನ ಪಕ್ಕದಲ್ಲಿ ನಿಂತು, ಕೈ ಸುಟ್ಟುಕೊಂಡು, ರಾಶಿ ಗಾಜನ್ನು ಒಡೆದು ಕಲಿಯಬೇಕು.

ಕೊಳವೆಯು ಆಕಾರಕ್ಕೆ ಬಂದ ಮೇಲೆ ಎರಡು ಕೊನೆಗಳಿಗೂ ಲೋಹದ ತುದಿಗಳನ್ನು ಬೆಸೆಯುತ್ತಾರೆ. ಒಳಗಿನ ಗಾಳಿಯನ್ನು ಪಂಪಿನಿಂದ ಸೆಳೆಯುತ್ತ, ಬಲವಾದ ವಿದ್ಯುತ್ತನ್ನು ಹರಿಸಿ ಗಾಜನ್ನು ೨೦೦ ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಇದರಿಂದ ಗಾಜಿಗೆ ಅಂಟಿಕೊಂಡ ಕಲ್ಮಷವೆಲ್ಲ ಹೊರಬರುವುದು. ತಣಿದ ಬಳಿಕ ವಾತಾವರಣದ ಒತ್ತಡದ ಸುಮಾರು ನೂರರಲ್ಲಿ ಒಂದು ಪಾಲಿನಷ್ಟು ನಿಯಾನನ್ನು ಒಳಕ್ಕೆ ಬಿಟ್ಟು, ಬಾಯನ್ನು ಕರಗಿಸಿ ಮುಚ್ಚುತ್ತಾರೆ. ಇಷ್ಟು ಸ್ವಲ್ಪವೇ ಸಾಕಾಗುವುದರಿಂದ, ನಾವು ಮೇಲೆ ಹೇಳಿದ ಕೋಣೆಯ ಗಾಳಿಯಲ್ಲಿ ದೊರೆಯುವ ನಿಯಾನು ನೂರಾರು ಮೀಟರು ಉದ್ದದ ಕೊಳವೆಗೆ ಸಾಲುವುದು. ಬೆಳಗುವುದಕ್ಕೆ ಫಲಕದ ಅಳತೆಗೆ ತಕ್ಕಂತೆ ೨,೦೦೦ದಿಂದ ೧೫,೦೦೦ ವೋಲ್ಟುಗಳ ವಿದ್ಯುತ್ತು ಬೇಕು. ಆ ವಿದ್ಯುತ್ತಿನ ಕಣಗಳು ನಿಯಾನಿನ ಪರಮಾಣುಗಳನ್ನು ತಾಕಿದಾಗ, ಅವು ತಾವು ಪಡೆದ ಶಕ್ತಿಯನ್ನು ತಮಗೆ ಸಹಜವಾದ ಕಿತ್ತಳೆಗೆಂಪು ಬೆಳಕಿನ ರೂಪದಲ್ಲಿ ಹಿಂದಕ್ಕೆ ಕೊಡುವುವು.

ಹಾಗಾದರೆ ನೀಲಿ, ಹಸಿರು, ಹಳದಿ ಎಲ್ಲಿಂದ ಬಂದವು? ನಿಯಾನಿನಿಂದ ಬರುವುದು ಕೆಂಪು ಒಂದೇ. ಆರ್ಗಾನ್ ಅನಿಲದೊಡನೆ ಒಂದು ತೊಟ್ಟು ಪಾದರಸವನ್ನು ಸೇರಿಸಿದರೆ ನೀಲಿ ಬೆಳಕಾಗುವುದು. ಕೊಳವೆಯ ಒಳಗೋಡೆಗೆ ಬೆಳಗುವ ಪುಡಿಗಳನ್ನು ಬಳಿದೋ, ಬಣ್ಣದ ಗಾಜನ್ನೇ ಉಪಯೋಗಿಸಿಯೋ ಉಳಿದ ಬಣ್ಣಗಳನ್ನು ತರುತ್ತಾರೆ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾದುಹೋಗುವ ಕೊಳವೆಯ ಭಾಗವು ಕಾಣಬಾರದೆಂದು ಅದರ ಮೇಲೆ ಕಪ್ಪು ಬಣ್ಣವನ್ನು ಹಚ್ಚುತ್ತಾರೆ. ನಮ್ಮ ಕನ್ನಡ ಅಕ್ಷರಗಳು ದುಂಡಾಗಿರುವುದರಿಂದ ಗಾಜಿನ ಬಾಗಿಗೆ ಚೆನ್ನಾಗಿಯೇ ಒಪ್ಪುವುವು. ಆದರೆ ಒತ್ತಕ್ಷರಗಳು ಬಂದ ಕಡೆಯೆಲ್ಲ ಹೀಗೆ ಮರೆಮಾಡುವ ಕೆಲಸವು ಹೆಚ್ಚುವುದು.

ಚೆನ್ನಾಗಿ ಮಾಡಿದ ಕೊಳವೆಯು ಹತ್ತಾರು ವರ್ಷ ಬಾಳುವುದು. ಅಮೆರಿಕಾದ ಲಾಸ್ ಏಂಜಲೀಸ್ ನಗರದ ಕ್ಲಿಫ್ಟನ್ಸ್ ಎಂಬ ಹಳೆಯ ಭೋಜನಶಾಲೆಯನ್ನು ೨೦೧೨ರಲ್ಲಿ ದುರಸ್ತು ಮಾಡುತ್ತಿದ್ದಾಗ, ಗೋಡೆಯೊಂದರ ಹಿಂದೆ ಮುಚ್ಚಿಹೋಗಿದ್ದ ನಿಯಾನ್ ದೀಪವು ಇನ್ನೂ ಬೆಳಗುತ್ತಿದ್ದುದು ಕಂಡುಬಂದಿತು. ೧೯೩೦ರ ದಶಕದಿಂದ, ಯಾರೂ ನೋಡದಿದ್ದರೂ, ಅದು ಉರಿಯುತ್ತಲೇ ಇದ್ದಿತೆಂದು ಬಲ್ಲವರು ಲೆಕ್ಕ ಹಾಕಿದರು.

ಹಾಂಗ್‌ಕಾಂಗಿನ ಬೀದಿಗಳು

ಈ ಕಲೆಯು ಅತ್ಯಂತ ವೈಭವದಿಂದ ಮೆರೆದ ನಗರಗಳಲ್ಲಿ ಚೀನಾದ ದಕ್ಷಿಣ ತೀರದ ಹಾಂಗ್‌ಕಾಂಗ್ ಒಂದು. ೧೯೫೦ರ ದಶಕದಿಂದ ೧೯೮೦ರ ದಶಕದ ವರೆಗೆ ಅಲ್ಲಿನ ನೇಥನ್ ರೋಡ್ ಮೊದಲಾದ ಬೀದಿಗಳಲ್ಲಿ ಆಕಾಶವೇ ಕಾಣದಷ್ಟು ದಟ್ಟವಾಗಿ ಈ ಫಲಕಗಳು ನೆರೆದಿದ್ದುವು. ಇಕ್ಕಟ್ಟಾದ ನಗರವಾದುದರಿಂದ ಅಂಗಡಿಯವರು ಫಲಕವನ್ನು ಗೋಡೆಗೆ ಅಂಟಿಸದೆ, ಕಬ್ಬಿಣದ ಚೌಕಟ್ಟಿನ ಮೇಲೆ ಬೀದಿಯ ನಡುವಿನ ವರೆಗೂ ಚಾಚಿ ನಿಲ್ಲಿಸುತ್ತಿದ್ದರು. ಬಿದಿರಿನ ಅಟ್ಟಣೆಯನ್ನು ಕಟ್ಟಿಕೊಂಡು ಆಳುಗಳು ಅವುಗಳನ್ನು ಏರಿಸುವರು.

ಅಲ್ಲಿ ಒಂದು ಫಲಕಕ್ಕೆ ಹಲವರ ಕೈ ಸೇರುತ್ತಿದ್ದಿತು. ಮೊದಲು ಲಿಪಿಕಾರನು ದೊಡ್ಡ ಕುಂಚದಿಂದ ಅಂಗಡಿಯ ಹೆಸರನ್ನು ಕಾಗದದ ಮೇಲೆ ಬರೆಯುವನು. ದೂರದಿಂದಲೂ ಓದುವುದಕ್ಕೆ ಸುಲಭವಾಗಿ, ಗಟ್ಟಿಯಾದ ಗೀಟುಗಳಿಂದ ಕೂಡಿದ 'ಬೇವೇ' ಎಂಬ ಪ್ರಾಚೀನ ಶೈಲಿಯನ್ನು ಅವರು ಮೆಚ್ಚಿಕೊಂಡಿದ್ದರು. ಚಿತ್ರಕಾರನು ಅದಕ್ಕೆ ಚೌಕಟ್ಟನ್ನೂ ಬಣ್ಣವನ್ನೂ ಗೊತ್ತುಮಾಡುವನು. ಗಾಜುಗಾರನು ಕುಂಚದ ಆ ಗೀಟನ್ನು ಬೆಂಕಿಯಲ್ಲಿ ಮತ್ತೊಮ್ಮೆ ಬರೆಯುವನು. ಗಿರವಿ ಅಂಗಡಿಯ ಫಲಕಕ್ಕೆ ನಾಣ್ಯವನ್ನು ಕಚ್ಚಿಕೊಂಡು ತಲೆಕೆಳಗಾಗಿ ತೂಗುವ ಬಾವಲಿಯ ಆಕಾರ. ನಮಗೆ ಬಾವಲಿಯು ಅಪಶಕುನವೆನಿಸಬಹುದು. ಅವರ ಭಾಷೆಯಲ್ಲಿ ಬಾವಲಿಯ ಹೆಸರೂ ಭಾಗ್ಯದ ಹೆಸರೂ ಒಂದೇ ಧ್ವನಿಯವಾದುದರಿಂದ ಅವರಿಗೆ ಅದು ಶುಭಸೂಚಕ. ಓದುಬಾರದವನಿಗೂ ಯಾವ ಅಂಗಡಿ ಯಾವುದೆಂದು ಇಂತಹ ಚಿತ್ರಗಳಿಂದಲೇ ತಿಳಿಯುತ್ತಿದ್ದಿತು.

ಕಾಲವು ಬದಲಾಯಿತು. ಹಳೆಯ ಚೌಕಟ್ಟುಗಳು ತುಕ್ಕು ಹಿಡಿದುವು. ನಡೆಯುವವರ ತಲೆಯ ಮೇಲೆ ಮಣಗಟ್ಟಲೆ ಭಾರದ ಕಬ್ಬಿಣ ತೂಗುತ್ತಿರುವುದು ಅಪಾಯಕರವೆಂದು ಕಟ್ಟಡಗಳ ಇಲಾಖೆಯು ಎಣಿಸಿದುದು ತಪ್ಪಲ್ಲ. ಅನುಮತಿಯಿಲ್ಲದ ಫಲಕಗಳನ್ನು ಇಳಿಸಬೇಕೆಂಬ ಆಜ್ಞೆಗಳು ಹೊರಟುವು. ಚಿಕ್ಕ ಫಲಕಗಳನ್ನು ಪರೀಕ್ಷೆ ಮಾಡಿಸಿ ಉಳಿಸಿಕೊಳ್ಳುವ ಒಂದು ವ್ಯವಸ್ಥೆಯು ೨೦೧೩ರಲ್ಲಿ ಜಾರಿಗೆ ಬಂದಿತು. ಬಹುಮಂದಿ ಅಂಗಡಿಯವರು ಪರೀಕ್ಷೆಯ ವೆಚ್ಚವನ್ನು ಹೊರಲಾರದೆ ಫಲಕವನ್ನೇ ಇಳಿಸಿಬಿಟ್ಟರು. ಇಳಿಸಿದ ಗಾಜು ಒಡೆದು ಕಸವಾಯಿತು.

ಹಾಗೆ ಇಳಿಸಲ್ಪಟ್ಟವುಗಳಲ್ಲಿ ಒಂದು ಹಸುವಿನ ಕಥೆಯು ಪ್ರಸಿದ್ಧವಾಗಿದೆ. ನಗರದ ಪಶ್ಚಿಮ ಭಾಗದಲ್ಲಿದ್ದ ಸ್ಯಾಮೀಸ್ ಕಿಚನ್ ಎಂಬ ಭೋಜನಶಾಲೆಯ ಯಜಮಾನರು ೧೯೭೭ರಲ್ಲಿ, ಸುಮಾರು ಐದು ಮೀಟರು ಉದ್ದದ ಹಸುವಿನ ಆಕಾರದಲ್ಲಿ ಒಂದು ನಿಯಾನ್ ಫಲಕವನ್ನು ತಾವೇ ಯೋಚಿಸಿ ಮಾಡಿಸಿದ್ದರು. ಮೂವತ್ತೆಂಟು ವರ್ಷ ಅದು ಬೀದಿಯ ಮೇಲೆ ನಿಂತು, ಆ ಪೇಟೆಗೆಲ್ಲ ದಾರಿಯ ಗುರುತಾಯಿತು. ೨೦೧೧ರಲ್ಲಿ ಅದನ್ನು ತೆಗೆಯಬೇಕೆಂಬ ಆಜ್ಞೆ ಬಂದಿತು. ೨೦೧೫ರ ಆಗಸ್ಟಿನಲ್ಲಿ ಹಸುವನ್ನು ಇಳಿಸಿದರು. ಪುಣ್ಯಕ್ಕೆ ಅದು ಕಸದ ಪಾಲಾಗಲಿಲ್ಲ. ನಗರದ 'ಎಂ ಪ್ಲಸ್' ಎಂಬ ವಸ್ತುಸಂಗ್ರಹಾಲಯವು ಅದನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು. ಇದೇ ಸಂಗ್ರಹಾಲಯವು ೨೦೧೪ರಲ್ಲಿ ಊರಿನ ಜನರನ್ನೇ ಕರೆದು, ತಮ್ಮ ತಮ್ಮ ಬೀದಿಯ ಫಲಕಗಳ ಚಿತ್ರಗಳನ್ನೂ ನೆನಪುಗಳನ್ನೂ ಕಳುಹಿಸುವಂತೆ ಕೇಳಿ, ಒಂದು ದೊಡ್ಡ ದಾಖಲೆಯನ್ನು ಸಿದ್ಧಪಡಿಸಿತ್ತು. ಒಬ್ಬ ನಿಯಾನ್ ಕೆಲಸಗಾರನ ವಿಧವೆಯು ಗಂಡನು ಬಿಟ್ಟುಹೋದ ಕೆಲಸವನ್ನು ಪೂರೈಸಲು ಹೊರಡುವ ಕಥೆಯು ೨೦೨೨ರಲ್ಲಿ ಚಲಚ್ಚಿತ್ರವಾಗಿ ಬಂದಿತು. ಆ ಪಾತ್ರವನ್ನು ವಹಿಸಿದ ಸಿಲ್ವಿಯಾ ಚಾಂಗ್ ಅವರಿಗೆ ತೈವಾನಿನಲ್ಲಿ ಅತ್ಯುತ್ತಮ ನಟಿಯೆಂಬ ಪ್ರಶಸ್ತಿಯೂ ದೊರೆಯಿತು.

ಇಷ್ಟಾದರೂ ಮುಖ್ಯವಾದ ಕೊರತೆಯು ತುಂಬಲಿಲ್ಲ. ಹಾಂಗ್‌ಕಾಂಗಿನಲ್ಲಿ ಗಾಜನ್ನು ಬಗ್ಗಿಸಬಲ್ಲ ಹಿರಿಯ ಕುಶಲಿಗಳನ್ನು ಈಗ ಕೈಬೆರಳುಗಳಿಂದ ಎಣಿಸಬಹುದು. ಬೇಡಿಕೆಯಿಲ್ಲದ ಕೆಲಸವನ್ನು ಕಲಿಯಲು ಹುಡುಗರು ಬರುವುದಿಲ್ಲ. ಕಲಿತವರಿಲ್ಲವಾದ ಮೇಲೆ ಬೇಡಿಕೆ ಬಂದರೂ ಮಾಡಿಕೊಡುವವರಿಲ್ಲ.

ಬೇರೆ ನಗರಗಳ ಪ್ರಯತ್ನ

ಅಮೆರಿಕಾದ ಮರುಭೂಮಿಯ ನಡುವಿನ ಲಾಸ್ ವೇಗಸ್ ನಗರವು ಜೂಜಿನ ಮನೆಗಳಿಗೂ ನಿಯಾನಿಗೂ ಹೆಸರಾದುದು. ಊರಿನ ಬಾಗಿಲಲ್ಲಿ ಅತಿಥಿಗಳನ್ನು ಸ್ವಾಗತಿಸುವ ಅಲ್ಲಿನ ಪ್ರಖ್ಯಾತ ಫಲಕವನ್ನು ೧೯೫೯ರಲ್ಲಿ ರಚಿಸಿದವರು ಬೆಟ್ಟಿ ವಿಲ್ಲಿಸ್ ಎಂಬ ಮಹಿಳೆ. ಅದರ ಹಕ್ಕನ್ನು ಆಕೆ ತನಗಾಗಿ ಕಾದಿರಿಸಿಕೊಳ್ಳದೆ ಊರಿಗೇ ಬಿಟ್ಟುಕೊಟ್ಟರು. ಬಳಕೆ ತಪ್ಪಿದ ಫಲಕಗಳನ್ನು ಕೂಡಿಹಾಕುವುದಕ್ಕಾಗಿ ಅಲ್ಲಿ ೧೯೯೬ರಲ್ಲಿ ನಿಯಾನ್ ಸಂಗ್ರಹಾಲಯವೊಂದು ಹುಟ್ಟಿತು. ಬಯಲಿನಲ್ಲಿ ಸಾಲಾಗಿ ನಿಂತ ಹಳೆಯ ಫಲಕಗಳ ಆ ತಾಣವನ್ನು ಅವರು ವಿನೋದವಾಗಿ ಎಲುಬುಗಳ ಅಂಗಳವೆಂದು ಕರೆಯುತ್ತಾರೆ.

ಪೋಲೆಂಡಿನ ವಾರ್ಸಾ ನಗರದ ರೀತಿ ಬೇರೆ. ಅಲ್ಲಿ ೧೯೫೬ರ ಬಳಿಕ ಸರಕಾರವೇ ಮುಂದೆ ನಿಂತು, ಯುದ್ಧದಲ್ಲಿ ಬೂದಿಯಾಗಿ ಮತ್ತೆ ಕಟ್ಟಲ್ಪಟ್ಟ ಬೀದಿಗಳಿಗೆ ನಿಯಾನ್ ಫಲಕಗಳನ್ನು ಹಾಕಿಸಿತು. ಅಂಗಡಿಯಲ್ಲಿ ಸಾಮಾನು ಇರಲಿ ಬಿಡಲಿ, ಮೇಲಿನ ದೀಪ ಮಾತ್ರ ಅಂದವಾಗಿರುತ್ತಿದ್ದಿತು. ೧೯೬೧ರಲ್ಲಿ ಅಲ್ಲಿನ ಒಂದು ಚೌಕದಲ್ಲಿ ಚೆಂಡನ್ನು ಎಸೆಯುವ ಆಟಗಾರ್ತಿಯ ಫಲಕವು ಬೆಳಗಿತು. ವರ್ಷಗಳು ಕಳೆದು ಅದು ಆರಿಹೋಗಿದ್ದಾಗ, ಪೌಲೀನಾ ಓವೋವ್ಸ್ಕಾ ಎಂಬ ಚಿತ್ರಕಾರ್ತಿ ತಮ್ಮ ಚಿತ್ರಗಳನ್ನು ಮಾರಿ ಬಂದ ಹಣದಿಂದ ೨೦೦೬ರಲ್ಲಿ ಅದರ ಜೀರ್ಣೋದ್ಧಾರವನ್ನು ಮಾಡಿಸಿದರು. ಆರು ವರ್ಷಗಳ ಬಳಿಕ ಆ ನಗರದಲ್ಲಿಯೂ ನಿಯಾನ್ ಸಂಗ್ರಹಾಲಯವು ತೆರೆಯಿತು.

ಹೊಸ ದೀಪ, ಹಳೆಯ ಹೆಸರು

ನಿಯಾನಿನ ಸ್ಥಾನವನ್ನು ಈಗ ಆಕ್ರಮಿಸಿರುವುದು ಎಲ್.ಇ.ಡಿ. ದೀಪ. ಅದನ್ನು ಹಳಿಯುವುದು ನ್ಯಾಯವಲ್ಲ. ಅದಕ್ಕೆ ವಿದ್ಯುತ್ತು ಕಡಿಮೆ ಸಾಕು, ಬೆಲೆಯೂ ಕಡಿಮೆ. ಗಾಜು ಒಡೆಯುವ ಭಯವಿಲ್ಲ, ಪಾದರಸದ ವಿಷವಿಲ್ಲ, ಸಾವಿರಾರು ವೋಲ್ಟುಗಳ ಅಪಾಯವೂ ಇಲ್ಲ. ಚಿಕ್ಕ ಅಂಗಡಿಯವನು ಅದನ್ನು ಆರಿಸಿಕೊಂಡರೆ ಯಾರು ಬೇಡವೆಂದಾರು? ಆದರೆ ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಯೊಳಗೆ ಎಲ್.ಇ.ಡಿ.ಗಳನ್ನಿಟ್ಟು ಅದನ್ನೂ ನಿಯಾನ್ ಎಂದೇ ಹೆಸರಿಟ್ಟು ಮಾರುವುದು ಮಾತ್ರ ಸರಿಯಲ್ಲ. ಅದರಲ್ಲಿ ನಿಯಾನಿನ ಹೆಸರೊಂದನ್ನು ಬಿಟ್ಟರೆ ಮತ್ತೇನೂ ಇಲ್ಲ. ವನಸ್ಪತಿಯನ್ನು ತುಪ್ಪವೆಂದು ಮಾರಿದರೆ ಕೊಂಡವನಿಗೂ ನಷ್ಟ, ಹಸು ಸಾಕಿದವನಿಗೂ ನಷ್ಟ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ನಿಜವಾದ ನಿಯಾನಿನಲ್ಲಿ ಗಾಜಿನ ಕೊಳವೆಯ ಸುತ್ತಲೂ ಬೆಳಕು ಸಮನಾಗಿ ಹರಡಿರುವುದು; ಅಕ್ಷರಗಳ ನಡುವೆ ಕಪ್ಪು ಹಚ್ಚಿದ ಭಾಗಗಳೂ, ಕೊಳವೆಯ ಕೊನೆಯಲ್ಲಿ ಲೋಹದ ತುದಿಗಳೂ ಕಾಣುವುವು. ಅನುಕರಣೆಯಲ್ಲಿ ಪಟ್ಟಿಯು ಪ್ಲಾಸ್ಟಿಕ್ಕಿನದು. ಅನೇಕ ವೇಳೆ ಹತ್ತಿರದಿಂದ ನೋಡಿದರೆ ಬೆಳಕು ಚುಕ್ಕಿಚುಕ್ಕಿಯಾಗಿ ತೋರುವುದು.

ಹಳೆಯ ಫಲಕವುಳ್ಳ ಅಂಗಡಿಯ ಯಜಮಾನರು ಗಮನಿಸಬೇಕಾದ ಮಾತೊಂದುಂಟು. ದೀಪ ಹತ್ತಲಿಲ್ಲವೆಂದ ಮಾತ್ರಕ್ಕೆ ಕೊಳವೆಯು ಸತ್ತಿತೆಂದು ತಿಳಿಯಬಾರದು. ಎಷ್ಟೋ ಸಲ ಕೆಟ್ಟಿರುವುದು ಟ್ರಾನ್ಸ್‌ಫಾರ್ಮರು ಇಲ್ಲವೆ ತಂತಿ. ಅವುಗಳನ್ನು ಬಲ್ಲವರಿಂದ ಬದಲಾಯಿಸಿದರೆ ಹಳೆಯ ಗಾಜು ಮತ್ತೆ ಬೆಳಗಬಹುದು. ಆದರೆ ಮನೆಯವರು ತಾವಾಗಿ ಅದನ್ನು ಬಿಚ್ಚಲು ಹೋಗಕೂಡದು. ನೀಲಿ ಕೊಳವೆ ಒಡೆದರೆ ಪಾದರಸವಿರುವ ಸಂಭವವುಂಟು. ಬರಿಗೈಯಿಂದ ಬಳಿಯದೆ, ಮಕ್ಕಳನ್ನು ದೂರವಿಟ್ಟು, ಕಿಟಕಿ ತೆರೆದು ಎಚ್ಚರಿಕೆಯಿಂದ ತೆಗೆಯಬೇಕು.

ಉಳಿಸಬೇಕಾದುದು ಯಾವುದು

ಸಾಮಾನು ಮಾರುವುದಕ್ಕೆ ಕಟ್ಟಿದ ಫಲಕವನ್ನು ಸಂಗ್ರಹಾಲಯದಲ್ಲಿಟ್ಟು ಪೂಜಿಸಬೇಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರ ಹಿತ್ತಾಳೆಯ ಕೊಳಗ, ಮರದ ಅಡಕೊತ್ತಿನ ಪೆಟ್ಟಿಗೆ, ಕಸೂತಿಯ ರವಿಕೆ ಇವೂ ನಿತ್ಯದ ಬಳಕೆಗೆಂದೇ ಮಾಡಿದವು. ಅವುಗಳನ್ನು ಮಾಡಿದವನ ಕೈ ಅವುಗಳಲ್ಲಿ ಉಳಿದಿರುವುದರಿಂದ ನಾವು ಜೋಪಾನಮಾಡುತ್ತೇವೆ. ಹಾಂಗ್‌ಕಾಂಗಿನ ಹಸುವೂ ವಾರ್ಸಾದ ಆಟಗಾರ್ತಿಯೂ ಆ ಕಾರಣದಿಂದಲೇ ಉಳಿದುವು.

ಆದರೆ ಫಲಕವನ್ನು ಮಾತ್ರ ಉಳಿಸಿದರೆ ಸಾಲದು. ಗಾಜು ಎಂದಾದರೊಂದು ದಿನ ಒಡೆಯುವ ವಸ್ತು. ಒಡೆದಾಗ ಮತ್ತೆ ಬಗ್ಗಿಸಿಕೊಡುವವನಿಲ್ಲದಿದ್ದರೆ ಸಂಗ್ರಹಾಲಯದಲ್ಲಿ ಉಳಿಯುವುದು ತುಕ್ಕು ಹಿಡಿದ ಚೌಕಟ್ಟು. ಎಣ್ಣೆ ತೀರಿದ ಮೇಲೆ ಹಣತೆಯನ್ನು ಎಷ್ಟು ತಿಕ್ಕಿ ತೊಳೆದಿಟ್ಟರೇನು? ಆದುದರಿಂದ ಕೈಯನ್ನು ಉಳಿಸುವುದೇ ಮೊದಲಿನ ಕೆಲಸ. ಅದಕ್ಕೆ ದಾರಿಯೆಂದರೆ ಆ ಕೈಗೆ ಕೆಲಸ ಕೊಡುವುದು. ನಮ್ಮ ಊರುಗಳಲ್ಲಿಯೂ ಹಳೆಯ ಸಿನಿಮಾ ಮಂದಿರವೊಂದರ ಮೇಲೆ, ಹಳೆಯ ಅಂಗಡಿಯೊಂದರ ಬಾಗಿಲಲ್ಲಿ ಇಂತಹ ಗಾಜಿನ ಅಕ್ಷರಗಳು ಉಳಿದಿದ್ದರೆ, ಅದನ್ನು ಇಳಿಸುವ ಮೊದಲು ಒಂದು ಚಿತ್ರವನ್ನಾದರೂ ತೆಗೆದಿಡಬೇಕು. ಮಾಡಿದವರು ಬದುಕಿದ್ದರೆ ಅವರನ್ನು ಕಂಡು ಮಾತನಾಡಿಸಿ ಬರೆದಿಡಬೇಕು. ದುರಸ್ತಿಗೆ ಬರುವಂತಿದ್ದರೆ ದುರಸ್ತಿ ಮಾಡಿಸಬೇಕು. ನಿಯಾನನ್ನು ಮೊದಲು ಕಂಡವರೊಬ್ಬರು ಎಂಟು ವರ್ಷ ಯಜಮಾನಿಕೆ ನಡೆಸಿದ ವಿದ್ಯಾಮಂದಿರವು ನಮ್ಮ ನಾಡಿನಲ್ಲಿಯೇ ಇರುವಾಗ, ಇಷ್ಟನ್ನು ಮಾಡುವುದು ನಮಗೆ ಭಾರವಾಗಲಾರದು.